ಸ್ಟೌವಿನ ಪಕ್ಕದ ಪತ್ತೇದಾರ

ಐದು ರೂಪಾಯಿ ಠೇವಣಿ, ದಿನಕ್ಕೆ ಹತ್ತು ಪೈಸೆ ಬಾಡಿಗೆ. 1978ರಲ್ಲಿ ನಮ್ಮೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಯ ದರ ಅದು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ ಎಂದಷ್ಟೇ ಹೇಳುತ್ತೇನೆ, ಊರಿನ ಹೆಸರು ಬೇಡ. ಮುಂದೆ ಬರೆಯಬೇಕಾದ ಒಂದು ಸಂಗತಿಗೆ ಸೇರಿದವರು ಇನ್ನೂ ಅಲ್ಲಿದ್ದಾರೆ.

ಸೈಕಲ್ ಶಾಪಿನ ಪಕ್ಕದ ಒಂದಂಕಣದ ಅಂಗಡಿ. ಮೂರು ಗೋಡೆಗೂ ಹಲಗೆ ಹೊಡೆದು ಪುಸ್ತಕ ಜೋಡಿಸಿದ್ದರು. ಎಲ್ಲಕ್ಕೂ ಒಂದೇ ಕಂದು ಬಣ್ಣದ ರಟ್ಟಿನ ಬೈಂಡು, ಬೆನ್ನ ಮೇಲೆ ಬಿಳಿ ಪೇಂಟಿನಲ್ಲಿ ನಂಬರು. ವ್ಯವಹಾರವೆಲ್ಲ ನಂಬರಿನಲ್ಲೇ. ಚಿಕ್ಕಮ್ಮ ಚೀಟಿಯ ಮೇಲೆ ಐದಾರು ನಂಬರು ಬರೆದು ನನ್ನ ಕೈಗಿಡುತ್ತಿದ್ದಳು. ಮೊದಲನೆಯದು ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಸ್ಕೂಲು ಬಿಟ್ಟ ಮೇಲೆ ಓಡಿ ಹೋಗಿ ತರುವುದು ನನ್ನ ಕೆಲಸ. ಲೈಬ್ರರಿ ಯಜಮಾನರು ಪುಸ್ತಕದ ಕೊನೆಯನ್ನು ತಿರುವಿ ನೋಡಿಯೇ ಕೊಡುವರು.

"ಇದರಲ್ಲಿ ಕೊನೇ ಎರಡು ಹಾಳೆ ಇಲ್ಲ ಮಗು. ನಿಮ್ಮ ಚಿಕ್ಕಮ್ಮನಿಗೆ ಹೇಳಿಬಿಡು, ಆಮೇಲೆ ನನ್ನ ಬೈಯೋದು ಬೇಡ."

ನಾನು ಹೇಳಿದರೆ ಚಿಕ್ಕಮ್ಮ, "ಪರವಾಗಿಲ್ಲ ಬಿಡು, ನಾನೇ ಕಂಡುಹಿಡೀತೀನಿ" ಅನ್ನುವಳು. ನಿಜಕ್ಕೂ ಕಂಡುಹಿಡಿಯುತ್ತಿದ್ದಳು. ಮೂವತ್ತನೇ ಪುಟದಲ್ಲಿ ಮ್ಯಾನೇಜರು ಮಳೆಗೆ ನೆನೆದಿರಲಿಲ್ಲ, ಎಪ್ಪತ್ತನೆಯದರಲ್ಲಿ ಡ್ರೈವರು ಹೇಳುವುದು ಬೇರೆ, ಅಂದಮೇಲೆ ಆ ಹೊತ್ತಿನಲ್ಲಿ ಮನೆಯೊಳಗಿದ್ದದ್ದು ಯಾರು? ಹೀಗೆ ಎಳೆ ಹಿಡಿದು ಬರುತ್ತಿದ್ದಳು. ಬೇರೆ ಕಡೆಯಿಂದ ಪೂರ್ತಿ ಪ್ರತಿ ಸಿಕ್ಕಾಗ ನೋಡಿದರೆ ಹತ್ತರಲ್ಲಿ ಎಂಟು ಸಲ ಅವಳು ಹೇಳಿದವನೇ ಕೊಲೆಗಾರ.

ಈ ವರ್ಷ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಹೊಸ ಕನ್ನಡಕ ಕೈಗೆ ಬಂದದ್ದು ಆಷಾಢದ ಮೊದಲ ವಾರ. ಮದುವೆ ಮುಂಜಿ ಇಲ್ಲದ ತಿಂಗಳು, ಹೊರಗೆ ಜಿಟಿಜಿಟಿ ಮಳೆ, ಆಫೀಸಿಗೂ ರಜೆ. ವರ್ಷಗಳಿಂದ ಕೊಂಡು ಕಪಾಟಿನಲ್ಲಿ ಇಟ್ಟಿದ್ದ ಪುಸ್ತಕಗಳನ್ನು ಕೆಳಗಿಳಿಸಿದೆ. ಕೆಲವು ರೋಚಕ ಕಾದಂಬರಿಗಳು, ಕೆಲವು ಸಣ್ಣ ಪ್ರಕಾಶನಗಳು ತಂದ ಕತೆ ಕಾದಂಬರಿಗಳು. ಒಂದು ತಿಂಗಳು ಬೇರೇನೂ ಮಾಡದೆ ಓದಿದೆ. ಓದುತ್ತಿದ್ದಷ್ಟು ಹೊತ್ತೂ ಆ ಕಂದು ಬೈಂಡಿನ ಪುಸ್ತಕಗಳ ಜೊತೆ ಹೋಲಿಸುತ್ತಲೇ ಇದ್ದೆ.

ಆಗಿನದ್ದು ಬಂಗಾರದ ಕಾಲ ಎಂದು ಬರೆಯಲು ನಾನು ಕೂತಿಲ್ಲ. ಆ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಕೆಟ್ಟ ಪುಸ್ತಕಗಳು. ನ್ಯೂಸ್‌ಪ್ರಿಂಟ್ ಹಾಳೆ, ಮೂರು ಸಾಲಿಗೊಂದು ಅಚ್ಚಿನ ತಪ್ಪು. ಎಷ್ಟೋ ಕತೆಗಳು ಇಂಗ್ಲಿಷಿನಿಂದ ಎತ್ತಿದವು, ಮೂಲ ಯಾರದೆಂಬ ಒಂದು ಮಾತೂ ಇರುತ್ತಿರಲಿಲ್ಲ. ಊಟಿಯ ಬಂಗಲೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತ ಕನ್ನಡದ ಜಮೀನ್ದಾರ ಯಾವ ದೇಶದವನೆಂದು ಹದಿಮೂರು ವರ್ಷದ ನನಗೂ ಗೊತ್ತಾಗುತ್ತಿತ್ತು. ಮೊದಲ ಪುಟದಲ್ಲೇ ಹೆಂಗಸಿನ ಹೆಣ. ಅವಳು ಯಾರು, ಏನು ಇಷ್ಟಪಡುತ್ತಿದ್ದಳು, ಯಾರಿಗೆ ಹೆದರುತ್ತಿದ್ದಳು ಎಂಬುದು ಕಡೆಯ ಪುಟದವರೆಗೂ ಯಾರಿಗೂ ಬೇಕಿರಲಿಲ್ಲ. ಅವಳು ಸತ್ತರೆ ಕತೆ ಶುರುವಾಗುತ್ತಿತ್ತು, ಅವಳ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಅವುಗಳನ್ನು ಬರೆದವರ ಬಗ್ಗೆ ಹಗುರವಾಗಿ ಮಾತಾಡಲಾರೆ. ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಕಲಿತದ್ದು ನಾಲ್ಕನೇ ತರಗತಿಯವರೆಗೆ. ಬರೆದದ್ದು ಐನೂರರ ಆಸುಪಾಸು ಕಾದಂಬರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಲ್ಲರೂ ಅವರ ಲೇಖನಿಯಿಂದ ಹುಟ್ಟಿದವರು. ಅವರ ವಾಕ್ಯ ಚಿಕ್ಕದು. ಕ್ರಿಯಾಪದ ಎಲ್ಲಿ ಬರಬೇಕೋ ಅಲ್ಲೇ ಬರುತ್ತದೆ. ಅಕ್ಷರ ಕೂಡಿಸಿ ಓದುವವರೂ ಸಂಜೆಯೊಳಗೆ ಒಂದು ಪುಸ್ತಕ ಮುಗಿಸಬಹುದಿತ್ತು. ಅದನ್ನು ಸಾಧಿಸುವುದು ಎಷ್ಟು ಕಷ್ಟ ಎನ್ನುವುದು ಈ ಒಂದು ತಿಂಗಳಲ್ಲಿ ನನಗೆ ಚೆನ್ನಾಗಿ ಅರ್ಥವಾಯಿತು. ಇಂದಿನ ಬಹಳಷ್ಟು ರೋಚಕ ಕಾದಂಬರಿಕಾರರಿಗೆ ಆ ವಾಕ್ಯ ಬರುವುದಿಲ್ಲ.

ಮ. ರಾಮಮೂರ್ತಿ ಇನ್ನೊಬ್ಬರು. ನಾವು ನವೆಂಬರಿನಲ್ಲಿ ಏರಿಸುವ ಹಳದಿ ಕೆಂಪಿನ ಕನ್ನಡ ಬಾವುಟವನ್ನು ರೂಪಿಸಿದವರು ಅವರೇ. ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರೂ ಅವರೇ. ಬೆಂಗಳೂರಿನ ರಸ್ತೆಗಳಲ್ಲಿ ಕನ್ನಡಕ್ಕಾಗಿ ಹೋರಾಡುತ್ತಿದ್ದ ಮನುಷ್ಯ ಮನೆಗೆ ಬಂದು ಕೊಲೆಯ ಕತೆ ಬರೆಯುತ್ತಿದ್ದರು. ಆ ಎರಡು ಕೆಲಸ ಬೇರೆ ಬೇರೆಯೆಂದು ನನಗನ್ನಿಸುವುದಿಲ್ಲ. ಜನ ಕನ್ನಡವನ್ನು ದುಡ್ಡು ಕೊಟ್ಟು ಓದುವಂತೆ ಮಾಡುವುದು ಆ ಹೋರಾಟದ್ದೇ ಒಂದು ಭಾಗ. 1967ರಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೆಗೆಸುವಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳ ಜೊತೆ ತೀರಿಕೊಂಡರು.

ಟಿ.ಕೆ. ರಾಮರಾವ್ ಇವರಿಬ್ಬರಿಗಿಂತ ಮೇಲಿನ ಬರಹಗಾರ ಎಂಬುದು ಚಿಕ್ಕಮ್ಮನ ತೀರ್ಪು, ನನ್ನದೂ ಅದೇ. 'ಬಂಗಾರದ ಮನುಷ್ಯ' ಬರೆದವರೆಂದು ಸಿನಿಮಾದಿಂದಾಗಿ ನಾಡಿಗೆಲ್ಲ ಗೊತ್ತು. ನಮ್ಮ ವಠಾರದಲ್ಲಿ ಅವರು 'ಸೀಳು ನಕ್ಷತ್ರ', 'ಮರಳು ಸರಪಣಿ', 'ಪಶ್ಚಿಮದ ಕಣಿವೆ'ಯ ರಾಮರಾಯರು. ಅವರಲ್ಲಿ ಜಾಗ ನಿಜವಾಗಿರುತ್ತಿತ್ತು. ಕಾಡು, ಕಣಿವೆ, ಗೆಸ್ಟ್‌ಹೌಸು, ಮಳೆ ಎಲ್ಲ ಕಣ್ಣಿಗೆ ಕಟ್ಟುತ್ತಿದ್ದವು. ಅಪರಾಧ ಎಲ್ಲಿಂದಲೋ ಉದುರಿದ್ದಲ್ಲ, ಒಬ್ಬ ಮನುಷ್ಯನ ಆಸೆಯಿಂದ ಮೆಲ್ಲಗೆ ಬೆಳೆದು ಬರುತ್ತಿತ್ತು. ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥ್ ಬಂದ ಮೇಲೆ, ಎಂಬತ್ತರ ದಶಕದಲ್ಲಿ, ಓದುವವರ ರುಚಿ ಬದಲಾಯಿತು. 'ತುಳಸಿದಳ' ಓದಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದವರಲ್ಲಿ ನಾನೂ ಒಬ್ಬಳು. ವಾರಪತ್ರಿಕೆಯ ಧಾರಾವಾಹಿಯ ಹಾಳೆ ಕಿತ್ತು, ದಬ್ಬಳದಲ್ಲಿ ಹೊಲಿದು, ಮನೆಯಲ್ಲೇ ಪುಸ್ತಕ ಮಾಡಿಕೊಳ್ಳುತ್ತಿದ್ದ ಕಾಲ.

ಇವೆಲ್ಲ ಓದುತ್ತಿದ್ದದ್ದು ಎಲ್ಲಿ? ಅಡುಗೆಮನೆಯಲ್ಲಿ. ಪಂಪ್ ಸ್ಟೌವಿನ ಮೇಲೆ ಬೇಳೆ ಬೇಯುತ್ತಿರುತ್ತಿತ್ತು. ಚಿಕ್ಕಮ್ಮ ಮಣೆಯ ಮೇಲೆ ಕೂತು, ಪುಸ್ತಕವನ್ನು ಈಳಿಗೆಮಣೆಗೆ ಒರಗಿಸಿ ಓದುವಳು. ಪಂಪ್ ಸ್ಟೌವಿನ ಸದ್ದಿನಲ್ಲಿ ಹೊರಗಿನ ಮಾತು ಕೇಳದು, ಒಳಗೆ ಯಾರಾದರೂ ಕಾಲಿಟ್ಟರೆ ಮಾತ್ರ ಪುಸ್ತಕ ಸೆರಗಿನಡಿಗೆ ಹೋಗುತ್ತಿತ್ತು. ಚಿಕ್ಕಪ್ಪನಿಗೆ ಗೊತ್ತಿತ್ತು, ಬೈಯುತ್ತಿರಲಿಲ್ಲ. ಬೈಯುತ್ತಿದ್ದವರು ಓದಿದವರು. ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟರು ನನ್ನ ಚೀಲದಲ್ಲಿ ಒಂದು ಪತ್ತೇದಾರಿ ಕಾದಂಬರಿ ಕಂಡು, ಅದನ್ನು ಎರಡು ಬೆರಳಲ್ಲಿ ಎತ್ತಿ ಇಡೀ ಕ್ಲಾಸಿಗೆ ತೋರಿಸಿದ್ದರು. ನಾನು ಪಂಪಭಾರತದವರೆಗೆ ಹೋಗಿದ್ದರೆ ಅದು ಆ ಪುಸ್ತಕದ ಮೆಟ್ಟಿಲು ಹತ್ತಿಯೇ ಹೊರತು ಅವರ ಬೈಗುಳದಿಂದಲ್ಲ. ಈ ಮಾತನ್ನು ನಲವತ್ತು ವರ್ಷದಿಂದ ಯಾರಿಗಾದರೂ ಹೇಳಬೇಕೆಂದಿದ್ದೆ.

ವಠಾರದಲ್ಲಿ ನಾಲ್ಕು ಮನೆ. ನಮ್ಮದೊಂದು, ಚಿಕ್ಕಮ್ಮನದೊಂದು. ಮೂರನೆಯ ಮನೆಗೆ ಮದುವೆಯಾಗಿ ಬಂದಿದ್ದ ಹುಡುಗಿಗೆ ಹತ್ತೊಂಬತ್ತೋ ಇಪ್ಪತ್ತೋ. ಬಂದ ಹೊಸದರಲ್ಲೇ ಚಿಕ್ಕಮ್ಮನ ಪುಸ್ತಕ ಕಂಡು ಕಣ್ಣರಳಿಸಿದ್ದಳು. ಆಮೇಲೆ ಇಬ್ಬರೂ ಪಾಲಿಗೆ ಓದತೊಡಗಿದರು. ಹತ್ತು ಪೈಸೆ ಬಾಡಿಗೆಯಲ್ಲಿ ಐದು ಅವಳದು. ಬೆಳಿಗ್ಗೆ ಚಿಕ್ಕಮ್ಮ, ಮಧ್ಯಾಹ್ನ ಅವಳು, ಸಂಜೆ ಆರರೊಳಗೆ ನಾನು ವಾಪಸ್ ಕೊಡಬೇಕು. ಇಬ್ಬರೂ ಓದಿಯಾದ ಮೇಲೆ ನೀರಿನ ತೊಟ್ಟಿಯ ಹತ್ತಿರ ನಿಂತು, ಕೊಲೆಗಾರ ಯಾರೆಂದು ತನಗೆ ಯಾವ ಪುಟದಲ್ಲಿ ಗೊತ್ತಾಯಿತು ಎಂದು ವಾದ ಮಾಡುವರು. ಹೆಚ್ಚಾಗಿ ಚಿಕ್ಕಮ್ಮನೇ ಗೆಲ್ಲುತ್ತಿದ್ದಳು.

1979ರ ಶ್ರಾವಣದಲ್ಲಿ ಒಂದು ರಾತ್ರಿ ಆ ಹುಡುಗಿ ಸುಟ್ಟುಕೊಂಡು ಸತ್ತಳು. ಸ್ಟೌ ಸಿಡಿಯಿತು ಎಂದರು. ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಮಾರನೆಯ ದಿನ ಅವಳ ತವರಿನವರು ಬಂದು ಅತ್ತು ಹೋದರು. ಆರು ತಿಂಗಳಿಗೆ ಆ ಮನೆಯಲ್ಲಿ ಮತ್ತೆ ಮದುವೆಯಾಯಿತು. ಅವತ್ತು ಲೈಬ್ರರಿಯ ಪುಸ್ತಕ ಅವಳ ಮನೆಯಲ್ಲಿತ್ತು, ಅದು ವಾಪಸ್ ಬರಲಿಲ್ಲ. ಚಿಕ್ಕಮ್ಮನ ಠೇವಣಿಯಲ್ಲಿ ಮೂರು ರೂಪಾಯಿ ಹಿಡಿದುಕೊಂಡರು.

ಆಗಿನ ಪೇಪರುಗಳಲ್ಲಿ 'ಸ್ಟೌ ಸಿಡಿದು ಗೃಹಿಣಿ ಸಾವು' ಎನ್ನುವುದು ಒಳಪುಟದ ನಾಲ್ಕು ಸಾಲಿನ ಸುದ್ದಿ. ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ವಿಧಿಸುವ 498ಎ ಸೆಕ್ಷನ್ ಬಂದದ್ದು 1983ರಲ್ಲಿ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟ ಗಾಯದಿಂದ ಸತ್ತು, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆಯಾಗಿದ್ದರೆ ಅದನ್ನು ವರದಕ್ಷಿಣೆ ಸಾವೆಂದು ನೋಡಬೇಕೆಂಬ 304ಬಿ ಬಂದದ್ದು 1986ರಲ್ಲಿ. ನಮ್ಮ ವಠಾರದ ಹುಡುಗಿ ಅವೆರಡಕ್ಕೂ ಮೊದಲು ಸತ್ತಿದ್ದಳು. ಪುರುಷೋತ್ತಮ, ಅರಿಂಜಯರು ನೂರಾರು ಬಂಗಲೆಗಳಿಗೆ ಹೋಗಿ ನೂರಾರು ಕೊಲೆ ಬಿಡಿಸಿದರು. ಸ್ಟೌ ಸಿಡಿದ ಮನೆಗೆ ಅವರಲ್ಲಿ ಒಬ್ಬನೂ ಬಂದದ್ದನ್ನು ನಾನು ಯಾವ ಕಾದಂಬರಿಯಲ್ಲೂ ಓದಲಿಲ್ಲ. ಅವರನ್ನು ಓದುತ್ತಿದ್ದವರು ಇದ್ದದ್ದು ಅಂಥ ಮನೆಗಳಲ್ಲಿ. ಆ ಕಾಲದ ಪುಸ್ತಕಗಳ ಮೇಲೆ ನನ್ನ ದೊಡ್ಡ ದೂರು ಇದೇ.

ಈಗಿನ ಪುಸ್ತಕಗಳಿಗೆ ಬರುತ್ತೇನೆ.

ತಿಂಗಳನ್ನು ಶುರುಮಾಡಿದ್ದು ಕೆ.ಎನ್. ಗಣೇಶಯ್ಯನವರಿಂದ. ಅವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ವಿಜ್ಞಾನಿ. ಕತೆ ಕಟ್ಟುವಾಗಲೂ ಸಂಶೋಧಕನ ಹಾಗೆಯೇ ಪುರಾವೆ ಕೊಡುತ್ತಾರೆ, ಅಡಿಟಿಪ್ಪಣಿ ಇಲ್ಲದ ಅವರ ರೋಚಕ ಕಾದಂಬರಿ ನನಗೆ ಕಂಡಿಲ್ಲ. 'ಕರಿಸಿರಿಯಾನ'ದ ಹೆಸರಲ್ಲೇ ಕತೆಯಿದೆ: ಆನೆಗಳ ಮೇಲೆ ಹೋದ ಸಿರಿ. 1565ರ ರಕ್ಕಸ ತಂಗಡಿ ಯುದ್ಧದಲ್ಲಿ ವಿಜಯನಗರ ಸೋತಾಗ ಆನೆಗಳ ಮೇಲೆ ಹೇರಿ ಸಾಗಿಸಿದ ಸಂಪತ್ತು ಎಲ್ಲಿಗೆ ಹೋಯಿತು ಎಂಬ ಹುಡುಕಾಟ. ಹಿಂದೆ ಪತ್ತೇದಾರ ಹೆಜ್ಜೆಗುರುತು ನೋಡುತ್ತಿದ್ದ, ಇಲ್ಲಿ ಶಾಸನ ಓದುತ್ತಾನೆ, ಶಿಲ್ಪದ ಕೈಯಲ್ಲಿರುವುದು ಏನೆಂದು ಕೇಳುತ್ತಾನೆ. ಇದನ್ನು ಓದಿದ ಮೇಲೆ ದೇವಸ್ಥಾನದ ಗೋಡೆಯನ್ನು ಸುಮ್ಮನೆ ನೋಡಿ ಬರಲು ಆಗುವುದಿಲ್ಲ. ಆದರೆ ಪಾತ್ರಗಳು ಮಾಹಿತಿ ಹೊರುವ ಕೂಲಿಗಳಾಗಿಬಿಡುತ್ತಾರೆ. ಒಬ್ಬ ಕೇಳುತ್ತಾನೆ, ಇನ್ನೊಬ್ಬ ಎರಡು ಪುಟ ವಿವರಿಸುತ್ತಾನೆ. ನಾನು ಅಡಿಟಿಪ್ಪಣಿಯನ್ನು ಕತೆಗಿಂತ ಆಸೆಯಿಂದ ಓದಿದ ಜಾಗಗಳಿವೆ.

ಆಮೇಲೆ ಹೊಸಬರ ನಾಲ್ಕು ಪುಸ್ತಕ. ಲೇಖಕರ ಹೆಸರು ಹೇಳುವುದಿಲ್ಲ, ಮೊದಲನೆಯದೋ ಎರಡನೆಯದೋ ಪುಸ್ತಕ ಬರೆದವರು, ಸ್ವಂತ ದುಡ್ಡು ಹಾಕಿ ತಂದವರು. ಮೊಬೈಲ್ ಟವರ್ ಲೊಕೇಶನ್, ಸಿಸಿಟಿವಿ, ಡಿಎನ್‌ಎ ಎಲ್ಲ ಬರುತ್ತವೆ, ತಪ್ಪಿಲ್ಲದೆ ಬರುತ್ತವೆ. ಅಧ್ಯಾಯ ಎರಡೂವರೆ ಪುಟ, ಕೊನೆಯಲ್ಲಿ ಒಂದು ಬಾಗಿಲು ಸದ್ದು, ಮುಂದಿನ ಅಧ್ಯಾಯದಲ್ಲಿ ಬಾಗಿಲ ಹೊರಗೆ ಯಾರೂ ಇಲ್ಲ. ವೆಬ್ ಸೀರೀಸ್ ನೋಡಿ ಕಲಿತ ಕಟ್ಟು ಇದು. ಕ್ಯಾಮೆರಾ ಮಾಡುವ ಕೆಲಸವನ್ನು ವಾಕ್ಯದಿಂದ ಮಾಡಿಸಲು ಹೋಗುತ್ತಾರೆ, ವಾಕ್ಯ ಮಾಡಬೇಕಾದದ್ದು ಉಳಿದುಬಿಡುತ್ತದೆ. ನಾಲ್ಕರಲ್ಲಿ ಒಂದು ಪುಸ್ತಕ ಮಾತ್ರ ನನ್ನನ್ನು ರಾತ್ರಿ ಒಂದರವರೆಗೆ ಎಬ್ಬಿಸಿ ಕೂರಿಸಿತು. ಅದರಲ್ಲಿ ನೂರ ಹನ್ನೆರಡನೇ ಪುಟದ ಮುಂದೆ ನೂರ ಇಪ್ಪತ್ತೊಂಬತ್ತು ಬಂತು, ನಡುವಿನ ಹದಿನಾರು ಪುಟ ಬೈಂಡಿನಲ್ಲೇ ಇರಲಿಲ್ಲ. ಪ್ರಕಾಶಕರಿಗೆ ಫೋನು ಮಾಡಿದೆ. ಬದಲಿ ಪ್ರತಿ ಕಳಿಸುತ್ತೇವೆಂದರು, ಬಂದಿಲ್ಲ. ನಾನು ಚಿಕ್ಕಮ್ಮನ ಹಾಗೆ ಆ ಹದಿನಾರು ಪುಟ ನಾನೇ ಕಟ್ಟಿಕೊಂಡು ಮುಂದೆ ಓದಿದೆ.

ಒಂದು ಒಳ್ಳೆಯ ಬದಲಾವಣೆ ಹೇಳಲೇಬೇಕು. ಈ ನಾಲ್ಕೂ ಪುಸ್ತಕದಲ್ಲಿ ತನಿಖೆ ನಡೆಯುವುದು ನಮ್ಮ ಕಡೆಯ ಊರುಗಳಲ್ಲೇ. ಊಟಿಯ ಬಂಗಲೆ ಹೋಗಿದೆ. ಎರಡರಲ್ಲಿ ಇನ್ಸ್‌ಪೆಕ್ಟರ್ ಹೆಂಗಸು.

ಸಣ್ಣ ಪ್ರಕಾಶನ ಎಂದಾಗ ಇದೇನೋ ಹೊಸ ಸಂಗತಿಯೆಂದು ಮಾತಾಡುವವರಿದ್ದಾರೆ. ಕನ್ನಡದಲ್ಲಿ ಅದು ಹಳೆಯದು. ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಚೀಲದಲ್ಲಿ ತುಂಬಿಕೊಂಡು ಹೋಗಿ ಮಾರಿದರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಪುಸ್ತಕ ಪ್ರಕಾಶನ ಎಂಬ ತಮ್ಮದೇ ಸಂಸ್ಥೆಯಿಂದ ಪುಸ್ತಕ ತಂದರು. ನನ್ನ ಮಟ್ಟಿಗೆ ಅಂದಿನ ಪತ್ತೇದಾರಿಗೂ ಇಂದಿನ ಕಾದಂಬರಿಗೂ ನಡುವೆ ಸೇತುವೆ ಕಟ್ಟಿದವರು ತೇಜಸ್ವಿಯೇ. 'ಚಿದಂಬರ ರಹಸ್ಯ'ದಲ್ಲಿ ಜೋಗಿಹಾಳನ ನಿಗೂಢ ಸಾವಿದೆ, ತನಿಖೆಗೆ ಬರುವ ಶಾಮನಂದನ ಅಂಗಡಿ ಇದ್ದಾನೆ, ಏಲಕ್ಕಿ ಇದೆ. ಹಳೆಯ ಪತ್ತೇದಾರಿಯ ಸಾಮಾನೆಲ್ಲ ಇದೆ. ಆದರೆ ತನಿಖೆ ಮುಂದುವರಿದಂತೆ ಸಾವು ಹಿಂದೆ ಸರಿದು, ಕೆಸರೂರೆಂಬ ಇಡೀ ಊರೇ ತನಿಖೆಗೆ ಒಳಗಾಗುತ್ತದೆ. 1985ರ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ದಿನದೊಳಗೆ ನಡೆಯುವ 'ಜುಗಾರಿ ಕ್ರಾಸ್' ಅನ್ನು ನನ್ನ ಮಗ ಹದಿನೈದನೇ ವಯಸ್ಸಿನಲ್ಲಿ ನಿಂತ ನಿಲುವಿನಲ್ಲಿ ಓದಿದ. ಅವನು ಪೂರ್ತಿ ಓದಿ ಮುಗಿಸಿದ ಮೊದಲ ಕನ್ನಡ ಕಾದಂಬರಿ ಅದು.

ಈಗಿನವರಲ್ಲಿ ವಸುಧೇಂದ್ರ ಸಾಫ್ಟ್‌ವೇರ್ ಕೆಲಸದಿಂದ ಬಂದು ಛಂದ ಪುಸ್ತಕ ಕಟ್ಟಿದರು, ಎಷ್ಟೋ ಹೊಸಬರ ಮೊದಲ ಪುಸ್ತಕ ತಂದರು. ಅವರ 'ತೇಜೋ ತುಂಗಭದ್ರಾ' 2019ರದ್ದು. ಲಿಸ್ಬನ್ನಿನ ತೇಜೋ ನದಿ ಒಂದು ಕಡೆ, ವಿಜಯನಗರದ ತುಂಗಭದ್ರೆ ಇನ್ನೊಂದು ಕಡೆ. ದಪ್ಪ ಪುಸ್ತಕ, ಮೂರು ದಿನದಲ್ಲಿ ಮುಗಿಯಿತು. ಪುಟ ತಿರುವಿಸುವ ವಿದ್ಯೆ ಅವರಿಗೆ ಕರಗತ. ಚಿಕ್ಕಮ್ಮನ ಕಾಲದಲ್ಲಿ ಬಂದಿದ್ದರೆ ಇದಕ್ಕೆ ಮೂರು ನಂಬರು ಕೊಟ್ಟು ಮೂರು ಭಾಗ ಮಾಡಿ ಬೈಂಡು ಹಾಕಿಸುತ್ತಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ವಿವೇಕ ಶಾನಭಾಗರ 'ಸಕೀನಾಳ ಮುತ್ತು'. ಹೆಗ್ಗೋಡಿನ ಅಕ್ಷರ ಪ್ರಕಾಶನ ತಂದ ತೆಳ್ಳಗಿನ ಪುಸ್ತಕ. ಬೆಂಗಳೂರಿನ ಒಂದು ಮಧ್ಯಮವರ್ಗದ ಮನೆ, ಬಾಗಿಲಿಗೆ ಇಬ್ಬರು ಹುಡುಗರು ಬಂದು ಮಗಳು ರೇಖಾಳನ್ನು ಕೇಳುತ್ತಾರೆ. ಅಲ್ಲಿಂದ ಶುರುವಾದ ದಿಗಿಲು ಕೊನೆಯವರೆಗೂ ಇಳಿಯುವುದಿಲ್ಲ. ಹೆಣ ಇಲ್ಲ, ಪತ್ತೇದಾರ ಇಲ್ಲ. ಕತೆ ಹೇಳುವ ಅಪ್ಪ ತಾನು ಒಳ್ಳೆಯವನೆಂದು ನಂಬಿದ್ದಾನೆ, ನಾವೂ ಮೊದಲು ಅವನನ್ನೇ ನಂಬುತ್ತೇವೆ. ಪುಟ ತಿರುವುತ್ತಾ ಹೋದಂತೆ, ಅವನು ಹೇಳದೆ ಬಿಟ್ಟದ್ದರ ಕಡೆಗೆ ನಮ್ಮ ಗಮನ ಹೊರಳುತ್ತದೆ. ಹೆಂಡತಿ ಯಾಕೆ ಸುಮ್ಮನಿದ್ದಾಳೆ? ಮಗಳು ಯಾಕೆ ಮಾತು ಬಿಟ್ಟಿದ್ದಾಳೆ? ಸುಳಿವು ಹುಡುಕುವ ಕೆಲಸ ಪೂರ್ತಿಯಾಗಿ ನಮ್ಮ ಪಾಲಿಗೆ. 'ಮುತ್ತು' ಎಂದರೆ ಚುಂಬನವೋ ಕಡಲಿನ ಮುತ್ತೋ ಎಂಬ ಅನುಮಾನ ಕನ್ನಡದಲ್ಲಿ ಸಾಧ್ಯ, ಇಂಗ್ಲಿಷ್ ಅನುವಾದದಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಯಿತು. ಇದಕ್ಕೂ ಮೊದಲಿನ 'ಘಾಚರ್ ಘೋಚರ್'ನಲ್ಲೂ ಹೀಗೆಯೇ: ಕೊನೆಯ ಪುಟಗಳಲ್ಲಿ ಏನೋ ಆಗಬಾರದ್ದು ಆಗಿದೆ ಎಂಬ ಭಯ ಹೊಟ್ಟೆಯಲ್ಲಿ ಕೂರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಗ ಕೊನೆಯ ಹಾಳೆ ಹರಿದುಹೋಗಿರುತ್ತಿತ್ತು. ಈ ಲೇಖಕರು ಅದನ್ನು ಬರೆಯದೆ ಬಿಡುತ್ತಾರೆ, ನಾವು ಹುಡುಕಲಿ ಎಂದು. ಎರಡೂ ಒಂದೇ ಅಲ್ಲ. ಹರಿದ ಹಾಳೆ ಎಲ್ಲೋ ಇನ್ನೊಂದು ಪ್ರತಿಯಲ್ಲಿತ್ತು.

ತಿಂಗಳ ಕೊನೆಗೆ ಹಾಸನದ ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ಅವರ ಕತೆಗಳ ಇಂಗ್ಲಿಷ್ ಸಂಕಲನಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು, ಸಣ್ಣಕತೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ. ಪ್ರಕಟಿಸಿದ್ದು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಒಂದು ಸಣ್ಣ ಪ್ರಕಾಶನ, ಆಂಡ್ ಅದರ್ ಸ್ಟೋರೀಸ್. ಹಾಸನದ ಕತೆ ಲಂಡನ್ನಿನ ದೊಡ್ಡ ಕಂಪನಿಯ ಮೂಲಕ ಹೋಗಲಿಲ್ಲ, ಇದು ನೆನಪಿಡಬೇಕಾದ ಮಾತು.

ಅವರ 'ಎದೆಯ ಹಣತೆ' ಕತೆ ಓದುವಾಗ ನನ್ನ ಕೈ ತಣ್ಣಗಾಯಿತು. ಗಂಡ ಬೇರೆ ಹೆಂಗಸಿನ ಸಹವಾಸ ಮಾಡಿದ್ದಾನೆ. ಮೆಹರೂನ್ ತವರಿಗೆ ಹೋಗುತ್ತಾಳೆ, ಅಣ್ಣಂದಿರೇ ಅವಳನ್ನು ವಾಪಸ್ ತಂದು ಬಿಡುತ್ತಾರೆ. ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಕಡ್ಡಿಪೆಟ್ಟಿಗೆ ಕೈಯಲ್ಲಿದೆ. ಮಗಳು ಸಲ್ಮಾ ಹಸುಗೂಸನ್ನು ಎತ್ತಿಕೊಂಡು ಓಡಿ ಬರುತ್ತಾಳೆ. ನಾನು ಓದಿದ ಸಾವಿರ ರೋಚಕ ಪುಟಗಳಲ್ಲಿ ಆ ಒಂದು ಪುಟದಷ್ಟು ಉಸಿರು ಹಿಡಿಸಿದ್ದು ಬೇರೆ ಇಲ್ಲ. ಹಳೆಯ ಕಾದಂಬರಿಯಲ್ಲಾಗಿದ್ದರೆ ಮೆಹರೂನ್ ಮೊದಲ ಪುಟದ ಹೆಣ. ಇಲ್ಲಿ ಅವಳು ಆ ಗಳಿಗೆಗೆ ಬರುವವರೆಗಿನ ಪ್ರತಿ ಹೆಜ್ಜೆಯೂ ಇದೆ, ಪ್ರತಿ ಹೆಜ್ಜೆಯಲ್ಲೂ ಅವಳನ್ನು ತಳ್ಳಿದವರಿದ್ದಾರೆ. ಸ್ಟೌ ಸಿಡಿದ ಮನೆಯೊಳಗೆ ಕಡೆಗೂ ಕನ್ನಡದ ಕತೆ ಹೋಯಿತು.

ಹೀಗೆ ಹೋಲಿಸಿದಾಗ ಬರಹದಲ್ಲಿ ಇಂದಿನದೇ ಮೇಲು, ಅನುಮಾನವಿಲ್ಲ. ಕಳೆದುಕೊಂಡದ್ದು ಬೇರೆ. ಆ ಪುಸ್ತಕ ಅಡುಗೆಮನೆಗೆ ಬರುತ್ತಿತ್ತು, ಈ ಪುಸ್ತಕ ಬರುತ್ತಿಲ್ಲ. ಸಾವಿರ ಪ್ರತಿ ಅಚ್ಚು ಹಾಕಿದರೆ ಮಾರಲು ವರ್ಷಗಟ್ಟಲೆ ಬೇಕೆಂದು ಪ್ರಕಾಶಕರೇ ಹೇಳುತ್ತಾರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿಕೊಂಡ ಪ್ರಕಾಶನಗಳೇ ಹೆಚ್ಚು, ಅಲ್ಲಿ ಪುಸ್ತಕಕ್ಕೆ ದರ ಪುಟದ ಲೆಕ್ಕದಲ್ಲಿ. 1965ರ ಕಾಯ್ದೆಯ ಪ್ರಕಾರ ನಾವೆಲ್ಲ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಕೂರಲು ಜಾಗ ಸಾಲದು. ಕತೆ ಪುಸ್ತಕ ಎರವಲು ಪಡೆಯುವ ಹೆಂಗಸೊಬ್ಬರನ್ನು ನಾನು ಅಲ್ಲಿ ಕಂಡು ಬಹಳ ಕಾಲವಾಯಿತು. ಫೋನಿನಲ್ಲಿ ಮೈಲ್ಯಾಂಗ್‌ನಂಥ ಆ್ಯಪ್‌ಗಳು ಇ-ಪುಸ್ತಕ, ಕೇಳುಪುಸ್ತಕ ಕೊಡುತ್ತಿವೆ, ದರವೂ ಕಡಿಮೆ. ಪರದೇಶದಲ್ಲಿರುವ ಕನ್ನಡಿಗರಿಗೆ ಅದು ದೊಡ್ಡ ಉಪಕಾರ. ನನ್ನ ಮನೆಗೆ ಕೆಲಸಕ್ಕೆ ಬರುವ ಹುಡುಗಿ ಎಂಟನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಫೋನಿನಲ್ಲಿ ದಿನಕ್ಕೆ ಎರಡು ಗಂಟೆ ಕ್ರೈಂ ವಿಡಿಯೊ ನೋಡುತ್ತಾಳೆ. ಕತೆಯ ಹಸಿವು ಅವಳಿಗೆ ಚಿಕ್ಕಮ್ಮನಷ್ಟೇ ಇದೆ. ಅವಳ ಕೈಗೆ ಕೊಡಲು, ಅವಳ ವಾಕ್ಯದಲ್ಲಿ ಬರೆದ, ಬಸ್ ಸ್ಟಾಂಡಿನಲ್ಲಿ ಸಿಗುವ, ಐವತ್ತು ರೂಪಾಯಿಯ ಒಂದು ಒಳ್ಳೆಯ ಪತ್ತೇದಾರಿ ಪುಸ್ತಕ ನನ್ನ ಒಂದು ತಿಂಗಳ ರಾಶಿಯಲ್ಲಿ ಇರಲಿಲ್ಲ. ಬಾನು ಮುಷ್ತಾಕರ ವಸ್ತು, ನರಸಿಂಹಯ್ಯನವರ ವಾಕ್ಯ. ಯಾರಾದರೂ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಚಿಕ್ಕಮ್ಮನಿಗೆ ಈಗ ಎಪ್ಪತ್ತೇಳು. ಬೆಂಗಳೂರಿನಲ್ಲೇ ಮಗನ ಮನೆಯಲ್ಲಿದ್ದಾಳೆ. ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೇಳುಪುಸ್ತಕ ಹಾಕಿಕೊಟ್ಟಿದ್ದೆ, ನಡುವೆ ನಿಲ್ಲಿಸಿ ವಾದ ಮಾಡಲು ಆಗುವುದಿಲ್ಲವೆಂದು ಬಿಟ್ಟಳು. ಆಷಾಢದ ಕೊನೆಯ ಭಾನುವಾರ ಹೋಗಿ 'ಎದೆಯ ಹಣತೆ'ಯನ್ನು ನಾನೇ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ವಠಾರದ ಆ ಹುಡುಗಿಯ ಹೆಸರು ಹೇಳಿದಳು. ನಲವತ್ತಾರು ವರ್ಷದಲ್ಲಿ ಅವಳ ಬಾಯಲ್ಲಿ ಆ ಹೆಸರು ನಾನು ಕೇಳಿರಲಿಲ್ಲ.

"ಅವತ್ತು ಮಧ್ಯಾಹ್ನ ಡಬ್ಬಿ ಹಿಡ್ಕೊಂಡು ಬಂದಿದ್ಲು ಕಣೇ. ಸ್ಟೌಗೆ ಒಂದ್ ತೊಟ್ಟು ಎಣ್ಣೆ ಇಲ್ಲ, ಇದ್ರೆ ಕೊಡಿ ಅಂತ. ನಮ್ಮನೇಲೂ ಇರ್ಲಿಲ್ಲ. ನಿಮ್ಮನೇಲೂ ಕೇಳಿದ್ಲು, ನಿಮ್ಮಮ್ಮಾನೂ ಇಲ್ಲ ಅಂದ್ಲು. ಇಡೀ ಬೀದೀಲಿ ಯಾರ್ ಮನೇಲೂ ಇರ್ಲಿಲ್ಲ. ಡಿಪೋಗೆ ಸೀಮೆಎಣ್ಣೆ ಬಂದಿದ್ದೇ ಮಾರನೇ ದಿನ. ರಾತ್ರಿ ಅಡುಗೇನೂ ಮಾಡಿರ್ಲಿಲ್ಲ ಅವರು, ಹೋಟ್ಲಿಂದ ತರಿಸಿದ್ರು, ಪೊಟ್ಟಣ ನಾನೇ ನೋಡ್ದೆ. ಎಣ್ಣೆ ಇಲ್ದೇ ಇರೋ ಸ್ಟೌ ಹೆಂಗೆ ಸಿಡಿಯತ್ತೆ?"

"ಪೊಲೀಸರಿಗೆ ಹೇಳ್ಲಿಲ್ವಾ ಚಿಕ್ಕಮ್ಮ?"

"ಅವರು ಗಂಡಸರನ್ನ ಕರೆದು ಕೇಳಿದ್ರು. ನಿಮ್ಮ ಚಿಕ್ಕಪ್ಪನ ಕೈಲಿ ಸೈನ್ ಹಾಕಿಸ್ಕೊಂಡ್ರು. ನನ್ನ ಯಾರೂ ಕೇಳ್ಲಿಲ್ಲ."